ಕುಲಶೇಖರದಲ್ಲಿ ಕ್ಲೌನ್ ಮೀನು: ನಮ್ಮ ಮೊದಲ ಉಪ್ಪುನೀರಿನ ಟ್ಯಾಂಕ್

ಉಪ್ಪುನೀರಿನ ಟ್ಯಾಂಕ್ ಇಡುತ್ತೇವೆ ಎಂದರೆ ಮಂಗಳೂರಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು. "ಕಡಲು ಇಲ್ಲೇ ಉಂಟಲ್ಲ ಮಾರಾಯ್ರೆ, ನಾಲ್ಕು ಕ್ಯಾನ್ ನೀರು ತಂದ್ರಾಯ್ತು." ಪಕ್ಕದ ಮನೆಯವರು ಹೇಳಿದರು, ಆಫೀಸಿನಲ್ಲಿ ಹೇಳಿದರು, ಟ್ಯಾಂಕ್ ಸಾಗಿಸಿದ ಟೆಂಪೋದವರೂ ಹೇಳಿದರು. ನಮ್ಮ ಅತ್ತೆಯ ತಕರಾರು ಮಾತ್ರ ಬೇರೆ ಇತ್ತು. "ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಸಂಜೆ ಮೀನಿಗೆ ತಿಂಡಿ. ಇದು ಎಂತ ಕಥೆ?" ಅದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ. ನೀರಿನ ಪ್ರಶ್ನೆಗೆ ಉಂಟು. ಆದರೆ ಅದು ಆಮೇಲೆ. ಏಕೆಂದರೆ ನಾವು ಶುರು ಮಾಡಿದ್ದು ನೀರಿನಿಂದಲ್ಲ, ಮೀನಿನಿಂದ.

ಹಾಗೆ ಮಾಡಲು ಹೇಳಿದವನು ಇವರ, ಅಂದರೆ ನನ್ನ ಗಂಡನ, ಅಕ್ಕನ ಮಗ. ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. 1969ರಲ್ಲಿ ಶುರುವಾದ ಕಾಲೇಜು, ದೇಶದಲ್ಲೇ ಮೊದಲನೆಯದು. ನಾನು ಅಂಗಡಿಗಳ ಟ್ಯಾಂಕ್ ರೇಟು ಬರೆದಿಟ್ಟ ಹಾಳೆಯನ್ನು ಅವನು ಕೈಯಲ್ಲಿ ಹಿಡಿಯಲೂ ಇಲ್ಲ. "ಮಾಮಿ, ಟ್ಯಾಂಕ್ ಬಿಡಿ. ಯಾವ ಮೀನು ಅಂತ ಮೊದಲು ಹೇಳಿ. ಎಷ್ಟು ದೊಡ್ಡ ಟ್ಯಾಂಕ್, ಎಂಥ ಲೈಟ್, ಜೊತೆಗೆ ಬೇರೆ ಮೀನು ಹಾಕಬಹುದಾ, ಎಲ್ಲ ಅದರ ಮೇಲೆ ಹೋಗ್ತದೆ."

ಮಗಳಿಗೆ ಬೇಕಿದ್ದದ್ದು ಕ್ಲೌನ್ ಮೀನು. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. ಸುಲಭ ಅಂದುಕೊಳ್ಳಬೇಡಿ, ಅದರಲ್ಲೇ ಸುಮಾರು 30 ಜಾತಿ ಇವೆ. ನಾವು ಹೋದ ಅಂಗಡಿಯಲ್ಲಿ ಇದ್ದದ್ದು ಟೊಮ್ಯಾಟೊ ಕ್ಲೌನ್ ಮತ್ತು ಮರೂನ್ ಕ್ಲೌನ್. ಮರೂನ್ ನೋಡಲು ಭಾರೀ ಚಂದ. ಕಡುಗೆಂಪು ಬಣ್ಣ, ಕೆನ್ನೆಯಲ್ಲಿ ಮುಳ್ಳು, ನಡೆಯಲ್ಲಿ ಒಂದು ಗತ್ತು. ನನ್ನ ಕಣ್ಣು ಅದರ ಮೇಲೇ ಇತ್ತು. ಆದರೆ ಅದು 17 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಕ್ಲೌನ್ ಮೀನುಗಳ ಪೈಕಿ ಅತಿ ಜಗಳಗಂಟಿ ಎಂದು ಹೆಸರು ಪಡೆದದ್ದೂ ಅದೇ. ಸಣ್ಣ ಟ್ಯಾಂಕಿಗೆ ಬಿಟ್ಟರೆ ಮತ್ತೊಂದು ಮೀನನ್ನು ಬದುಕಲು ಬಿಡುವುದು ಕಷ್ಟ. ಟೊಮ್ಯಾಟೊ ಕೂಡ ದೊಡ್ಡದಾಗುತ್ತಾ ಜೋರಾಗುತ್ತದೆ. ನಮ್ಮ ದೇಶದ ಕಡಲಿನಲ್ಲೇ ಸಿಗುವ ಸೆಬೆ ಕ್ಲೌನ್ ಆಗಬಹುದಾ ಎಂದು ಕೇಳಿದೆ. ಅದೂ ದೊಡ್ಡ ಜಾತಿಯೇ.

ಕೊನೆಗೆ ಉಳಿದದ್ದು ಎರಡು, ಒಸೆಲ್ಲಾರಿಸ್ ಮತ್ತು ಪರ್ಕ್ಯುಲಾ. ಎರಡೂ ಅಕ್ಕತಂಗಿಯರಂತೆ ಇವೆ. ಒಸೆಲ್ಲಾರಿಸ್‌ಗೆ ಬೆನ್ನಿನ ರೆಕ್ಕೆಯಲ್ಲಿ ಸಾಮಾನ್ಯವಾಗಿ 11 ಮುಳ್ಳು, ಪರ್ಕ್ಯುಲಾಗೆ 10. ಒಂದು ಕ್ಷಣ ಸುಮ್ನೆ ನಿಲ್ಲದ ಮೀನಿನ ಮುಳ್ಳು ಎಣಿಸುವವರು ಯಾರು ಹೇಳಿ! ಬಿಳಿ ಪಟ್ಟೆಯ ಅಂಚಿನ ಕಪ್ಪು ಗೆರೆ ನೋಡುವುದು ಸುಲಭ. ಪರ್ಕ್ಯುಲಾದಲ್ಲಿ ಅದು ದಪ್ಪ, ಒಸೆಲ್ಲಾರಿಸ್‌ನಲ್ಲಿ ತೆಳು. ಪರ್ಕ್ಯುಲಾ ಇರುವುದು ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆ. ಒಸೆಲ್ಲಾರಿಸ್ ನಮ್ಮ ಅಂಡಮಾನಿನಲ್ಲೂ ಉಂಟು. ಸುಮಾರು 11 ಸೆಂಟಿಮೀಟರ್‌ಗೆ ಬೆಳವಣಿಗೆ ನಿಲ್ಲುತ್ತದೆ. ಸ್ವಭಾವ ಸಾಧು. ಹೊಸಬರ ಕೈಯಲ್ಲೂ ಬದುಕುವ ಗಟ್ಟಿ ಮೀನು. ಅದನ್ನೇ ಹಿಡಿದೆವು.

ಇಷ್ಟಾದರೂ ಆಯ್ಕೆ ಮುಗಿಯಲಿಲ್ಲ. ಒಸೆಲ್ಲಾರಿಸ್‌ನಲ್ಲೇ ಸ್ನೋಫ್ಲೇಕ್, ಪ್ಲಾಟಿನಂ, ಬ್ಲ್ಯಾಕ್ ಐಸ್ ಎಂದು ಬಗೆಬಗೆ ಇವೆ. ಹ್ಯಾಚರಿ ಎಂಬ ಮರಿ ಮಾಡಿಸುವ ಕೇಂದ್ರಗಳಲ್ಲಿ ಆರಿಸಿ ಆರಿಸಿ ತಳಿ ಮಾಡಿದವು. ಬೆಲೆ ಸಾದಾ ಮೀನಿನ ಎಷ್ಟೋ ಪಟ್ಟು. ಮಗಳು ಸ್ನೋಫ್ಲೇಕ್ ಎಂದು ಹಟ ಹಿಡಿದಳು. ನಾನು ಒಪ್ಪಲಿಲ್ಲ. ದುಡ್ಡು ಒಂದು ಕಾರಣ. ಇನ್ನೊಂದು, ಆ ಬಿಳಿ ಮಚ್ಚೆಗಳ ಮೀನು ನನಗೆ ಮಳೆಯಲ್ಲಿ ಬಣ್ಣ ಹೋದ ಗೋಡೆಯ ಹಾಗೆ ಕಾಣಿಸುತ್ತದೆ. ಸಾದಾ ಕಿತ್ತಳೆ, ಮೂರು ಪಟ್ಟೆ. ಅದಕ್ಕಿಂತ ಚಂದ ಮಾಡಲು ಹೋಗುವುದು ಸುಮ್ನೆ ಅಧಿಕಪ್ರಸಂಗ.

ಬಣ್ಣಕ್ಕಿಂತ ದೊಡ್ಡ ವಿಷಯ ಮೀನು ಎಲ್ಲಿಂದ ಬಂತು ಎನ್ನುವುದು. ಕಡಲಿನಿಂದ ಹಿಡಿದ ಕ್ಲೌನ್ ಮೀನು ಬಲೆ, ತೊಟ್ಟಿ, ವಿಮಾನ, ಮತ್ತೆ ತೊಟ್ಟಿ ಎಲ್ಲ ದಾಟಿ ಬರುವಾಗ ಅರ್ಧ ಜೀವವಾಗಿರುತ್ತದೆ. ರೋಗವನ್ನೂ ಹೊತ್ತು ತರುತ್ತದೆ. ಕಾಳು ತಿಂಡಿ ಕೊಟ್ಟರೆ ಮೂಸಿಯೂ ನೋಡದೆ ಇರಬಹುದು. ಹ್ಯಾಚರಿಯಲ್ಲಿ ಹುಟ್ಟಿದ ಮೀನಿಗೆ ಗಾಜು, ಕಾಳು, ಮನುಷ್ಯರ ಮುಖ ಎಲ್ಲ ಪರಿಚಯ. ಇಂಥ ಮೀನಿಗಾಗಿ ಹೊರದೇಶ ನೋಡಬೇಕಾಗಿಲ್ಲ. ನಮ್ಮ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಸರಕಾರದ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಒಸೆಲ್ಲಾರಿಸ್, ಪರ್ಕ್ಯುಲಾ, ಸೆಬೆ ಮೂರನ್ನೂ ಮರಿ ಮಾಡಿಸುವ ವಿಧಾನ ಕಂಡುಕೊಂಡಿದೆ. ಗಂಡು ಮೀನು ರೆಕ್ಕೆ ಬೀಸುತ್ತಾ ಮೊಟ್ಟೆ ಕಾಯುತ್ತದೆ. ಒಂದು ವಾರದ ಹೊತ್ತಿಗೆ, ಕತ್ತಲಾದ ಮೇಲೆ, ಮೊಟ್ಟೆ ಒಡೆಯುತ್ತದೆ. ಆ ಮರಿಗಳಿಗೆ ರೋಟಿಫರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಆಹಾರ. ಇಷ್ಟೆಲ್ಲ ಸಾಧ್ಯವಿರುವಾಗ ಹವಳದ ದಿಬ್ಬದಿಂದ ಹಿಡಿದು ತಂದದ್ದೇ ಬೇಕು ಅನ್ನುವುದಕ್ಕೆ ನನಗೆ ಕಾರಣ ಕಾಣಲಿಲ್ಲ. ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿದೆ, "ಅಣ್ಣ, ಹ್ಯಾಚರಿಯದ್ದು ಬಂದಾಗ ಫೋನ್ ಮಾಡಿ. ಲೇಟಾದರೂ ಅಡ್ಡಿಯಿಲ್ಲ." ಹೇಗೂ ಟ್ಯಾಂಕ್ ಇನ್ನೂ ಆಗಿರಲಿಲ್ಲ.

ಟ್ಯಾಂಕ್ ಎಷ್ಟು ದೊಡ್ಡದು ಎಂದು ಈಗ ಹೇಳುವುದು ಸುಲಭವಾಯಿತು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಹೆಚ್ಚು ಕಡಿಮೆ 125 ಲೀಟರ್. ಒಂದು ಜೋಡಿ ಒಸೆಲ್ಲಾರಿಸ್‌ಗೆ ಧಾರಾಳ. ಇದಕ್ಕಿಂತ ಸಣ್ಣದು ಸುಲಭ ಎಂದು ತೋರುತ್ತದೆ, ಆದರೆ ನೀರು ಕಡಿಮೆಯಾದಷ್ಟೂ ಎಲ್ಲವೂ ಬೇಗ ಏರುಪೇರಾಗುತ್ತದೆ. ಒಂದು ದಿನದ ಆವಿಯಲ್ಲೇ ಉಪ್ಪಿನ ಅಳತೆ ತಪ್ಪುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಹಾಗಾಗಿ ದಿನಾ ತುಂಬಿಸಬೇಕಾದ್ದು ಸಿಹಿನೀರು. ಇದು ಮನೆಯವರ ತಲೆಗೆ ಹೋಗಲು ಸಮಯ ಬೇಕಾಯಿತು. "ಉಪ್ಪುನೀರಿನ ಟ್ಯಾಂಕಿಗೆ ಸಪ್ಪೆ ನೀರು ಯಾಕೆ ಹಾಕ್ತೀ?" ಎಂದು ಇವರು ಕೇಳುತ್ತಲೇ ಇದ್ದರು.

ಸ್ಟ್ಯಾಂಡಿನ ಬಗ್ಗೆ ಸ್ವಲ್ಪ ಹೇಳಬೇಕು. ನೀರು, ಮರಳು, ಕಲ್ಲು, ಗಾಜು ಸೇರಿದರೆ ಒಂದೂವರೆ ಕ್ವಿಂಟಲಿಗೂ ಮಿಕ್ಕಿ ಭಾರ. ಪ್ಲೈವುಡ್ ಸ್ಟ್ಯಾಂಡ್ ನಮ್ಮೂರ ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಕಬ್ಬಿಣಕ್ಕೆ ಉಪ್ಪುನೀರು ಸಿಡಿದರೆ ತುಕ್ಕು. ಕಾಂಪೌಂಡ್ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯೇ ದಾರಿ ತೋರಿಸಿದರು. ಗೋಡೆಗೆ ಒತ್ತಿ ಕೆಂಪುಕಲ್ಲಿನ ಎರಡು ಕಂಬ, ಮೇಲೆ ಗ್ರಾನೈಟ್ ಹಾಸು. ಅದರ ಮೇಲೆ ಥರ್ಮೋಕೋಲ್ ಹಾಳೆ, ಗಾಜಿನ ತಳಕ್ಕೆ ಒತ್ತಡ ಒಂದೇ ಸಮ ಬೀಳಲಿ ಎಂದು. ಆ ಗ್ರಾನೈಟನ್ನು ಸ್ಪಿರಿಟ್ ಲೆವೆಲ್ ಇಟ್ಟು ಸರಿ ಮಾಡಿದ ಮೇಸ್ತ್ರಿಯ ಕಸುಬಿನ ಬಗ್ಗೆ ಬೇರೆಯೇ ಬರೆಯಬಹುದು.

ಇನ್ನು ಸೆಕೆ. ಹವಳದ ಟ್ಯಾಂಕಿಗೆ ನೀರು 25-26 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಏಪ್ರಿಲಿನಲ್ಲಿ ನಮ್ಮ ಹಾಲಿನಲ್ಲಿ ಬಕೆಟ್ ನೀರು ಸುಮ್ನೆ ಇಟ್ಟರೂ 30 ದಾಟುತ್ತದೆ. ಅದರ ಮೇಲೆ ಲೈಟು, ಪಂಪುಗಳ ಶಾಖ. ಬೇರೆ ಊರಿನವರು ನೀರಿನ ಮೇಲೆ ಸಣ್ಣ ಫ್ಯಾನ್ ಹಾಕಿ ಎರಡು ಮೂರು ಡಿಗ್ರಿ ಇಳಿಸುತ್ತಾರೆ. ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಗಾಳಿಯಲ್ಲೇ ನೀರು ತುಂಬಿರುವ ನಮ್ಮೂರಲ್ಲಿ ಆವಿ ಎಲ್ಲಿಗೆ ಹೋಗಬೇಕು? ಒಗೆದ ಬಟ್ಟೆಯೇ ಒಣಗುವುದಿಲ್ಲ. ಫ್ಯಾನ್ ಹಾಕಿ ನೋಡಿದೆವು, ಥರ್ಮಾಮೀಟರ್ ಅಷ್ಟಕ್ಕಷ್ಟೇ ಇಳಿಯಿತು. ಕೊನೆಗೆ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ. ಅದರ ಬೆಲೆ ಟ್ಯಾಂಕಿನ ಬೆಲೆಗಿಂತ ಜಾಸ್ತಿ. ಅದು ನೀರಿನಿಂದ ತೆಗೆದ ಶಾಖವನ್ನು ಕೋಣೆಗೇ ಉಗುಳುತ್ತದೆ, ಹಾಗಾಗಿ ಕಿಟಕಿಯ ಪಕ್ಕ ಇಟ್ಟೆವು. ಮಂಗಳೂರು, ಉಡುಪಿಯಲ್ಲಿ ಹವಳದ ಟ್ಯಾಂಕ್ ಯೋಚಿಸುವವರು ಬಜೆಟ್ಟಿನ ಮೊದಲ ಸಾಲಿನಲ್ಲೇ ಚಿಲ್ಲರ್ ಬರೆಯಲಿ ಎಂದು ನನ್ನ ಸಲಹೆ. ಬರೀ ಕ್ಲೌನ್ ಮೀನಾದರೆ 28 ಡಿಗ್ರಿಯಲ್ಲೂ ಆರಾಮಾಗಿ ಇರುತ್ತದೆ. ಆದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ನಡುವೆ ಕರೆಂಟ್ ಹೋದರೆ ಬೇಗ ಕಷ್ಟವಾಗುತ್ತದೆ.

ಸರಿ, ಈಗ ನೀರು. ಪಣಂಬೂರಿಗೋ ತಣ್ಣೀರುಬಾವಿಗೋ ಕ್ಯಾನ್ ಹಿಡಿದು ಯಾಕೆ ಹೋಗಲಿಲ್ಲ?

ಮಳೆಗಾಲದ ಕಡಲನ್ನು ನೋಡಿದವರಿಗೆ ಅರ್ಧ ಉತ್ತರ ಗೊತ್ತಿದೆ. ನೇತ್ರಾವತಿ, ಫಲ್ಗುಣಿ ಎರಡೂ ಬೆಂಗ್ರೆಯ ಹತ್ತಿರ ಕಡಲು ಸೇರುತ್ತವೆ. ಜೂನ್ ಬಂದರೆ ಕೆಂಪು ಮಣ್ಣಿನ ನೀರು ದೂರದವರೆಗೂ ಹರಡುತ್ತದೆ, ದಡದ ನೀರಿನ ಉಪ್ಪು ಇಳಿಯುತ್ತದೆ. ಮತ್ತೆ ಬಂದರು, ಬೋಟು, ಡೀಸೆಲ್, ಊರಿನ ತೋಡುಗಳು. ಸರಿ, ಜನವರಿಯಲ್ಲಿ ನೀರು ತಿಳಿಯಾಗಿರುತ್ತದಲ್ಲ? ಅದಕ್ಕೆ ಇವರ ಅಕ್ಕನ ಮಗ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕಡಲಿನಲ್ಲಿ ಬೂತಾಯಿ, ಬಂಗುಡೆ ಅಷ್ಟು ಸಿಗುವುದೇ ನೀರಿನಲ್ಲಿ ಸಾರ ಜಾಸ್ತಿ ಇರುವುದರಿಂದ. ಮುಂಗಾರಿನ ಹೊತ್ತಿಗೆ ಆಳದ ತಣ್ಣನೆಯ ನೀರು ಮೇಲೆದ್ದು ಬರುತ್ತದೆ. ಅದರೊಡನೆ ನೈಟ್ರೇಟ್, ಫಾಸ್ಫೇಟ್ ಬರುತ್ತವೆ. ಅದರಿಂದ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತದೆ, ಅದನ್ನು ತಿಂದು ಮೀನು. ಕ್ಲೌನ್ ಮೀನಿನ ಹವಳದ ದಿಬ್ಬ ಇದಕ್ಕೆ ತದ್ವಿರುದ್ಧ. ಅಲ್ಲಿನ ನೀರು ಗಾಜಿನಷ್ಟು ತಿಳಿ, ಸಾರ ತೀರಾ ಕಡಿಮೆ. ಬೂತಾಯಿಯನ್ನು ಕೊಬ್ಬಿಸುವ ನೀರನ್ನು ಟ್ಯಾಂಕಿಗೆ ಹೊಯ್ದು ಮೇಲೆ ಲೈಟ್ ಹಾಕಿದರೆ ಬೆಳೆಯುವುದು ಪಾಚಿ. ಕ್ಯಾನಿನಲ್ಲಿ ಇಟ್ಟರೆ ಅದರೊಳಗಿನ ಜೀವಿಗಳೆಲ್ಲ ಸತ್ತು ಕೊಳೆತು ಇನ್ನೊಂದು ರಗಳೆ.

ಹಾಗಾಗಿ ಕಡಲಿನಿಂದ ಕೂಗಳತೆಯಲ್ಲಿ ಅಲ್ಲದಿದ್ದರೂ ಒಂದು ರಿಕ್ಷಾ ಬಾಡಿಗೆಯ ದೂರದಲ್ಲಿರುವ ನಾವು ಪ್ಯಾಕೆಟಿನ ಕಡಲುಪ್ಪು ತರಿಸಿದೆವು. "ಅಂಗಡಿಯ ಕಲ್ಲುಪ್ಪು ಸಾಲದಾ?" ಎಂದು ಅತ್ತೆ ಕೇಳಿದರು. ಸಾಲುವುದಿಲ್ಲ. ಅಡುಗೆಯ ಉಪ್ಪು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಕಡಲಿನಲ್ಲಿ ಇರುವ ಪ್ರಮಾಣದಲ್ಲೇ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಬೇಕು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕ. ಕಲಸಿದ ನೀರನ್ನು ಪಂಪ್ ಹಾಕಿ ಒಂದು ದಿನ ತಿರುಗಿಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಬೇಕು. ಸಾಪೇಕ್ಷ ಸಾಂದ್ರತೆ, ಅಂದರೆ ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ, 1.025 ಬಂದರೆ ಸರಿ.

ಉಪ್ಪು ಕಲಸುವ ಸಿಹಿನೀರಿಗೂ ನಿಯಮ ಉಂಟು. ನಮ್ಮ ಬಾವಿಯ ನೀರು ಕುಡಿಯಲು ಅಮೃತ. ಆದರೆ ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ, ಹುಳಿ ಗುಣ, ಜೊತೆಗೆ ಸಿಲಿಕೇಟ್ ಇರಬಹುದು. ಅದಕ್ಕೇ ಆರ್‌ಒ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳದ ಫಿಲ್ಟರ್ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಸೊನ್ನೆ ಕಂಡ ನೀರನ್ನೇ ಬಳಸುತ್ತೇವೆ. ಅಡುಗೆಮನೆಯ ಆರ್‌ಒ ನೀರು ನೇರ ಹಾಕಬೇಡಿ. ಅವುಗಳಲ್ಲಿ ಬಹಳಷ್ಟು ಯಂತ್ರಗಳು ರುಚಿಗೆಂದು ಖನಿಜ ಮತ್ತೆ ಸೇರಿಸುತ್ತವೆ.

ಹವಳದ ಟ್ಯಾಂಕ್ ಅನ್ನುತ್ತಿದ್ದೇನೆ, ಹವಳ ಎಲ್ಲಿಂದ? ಇಲ್ಲಿ ಕಾನೂನು ಬರುತ್ತದೆ. ದಿಬ್ಬ ಕಟ್ಟುವ ಗಟ್ಟಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಸೇರಿಸಿದ್ದು 2001ರಲ್ಲಿ. ಅಂದರೆ ಹುಲಿಯ ಸಾಲಿನಲ್ಲೇ. ನಮ್ಮ ಕಡೆಯ ಹಳೆ ಮನೆಗಳ ಶೋಕೇಸಿನಲ್ಲಿ ಬಿಳಿ ಹವಳದ ತುಂಡು ಇಟ್ಟದ್ದು ನೋಡಿದವರು, ಅದರಲ್ಲೇನು ತಪ್ಪು ಎನ್ನುತ್ತಾರೆ. ಒಬ್ಬರು ದ್ವೀಪದ ಕಡೆಯ ಕಲ್ಲು ಬೇಕಾ ಎಂದು ನನ್ನನ್ನೂ ಕೇಳಿದರು. ಬೇಡ ಎಂದೆ. ಬರೀ ಕಾನೂನಿಗೆ ಹೆದರಿ ಅಲ್ಲ. ಎರಡು ಮೀನಿನ ಚಂದಕ್ಕೆ ಇನ್ನೆಲ್ಲಿಯೋ ದಿಬ್ಬ ಮುರಿಯುವುದು ಯಾವ ನ್ಯಾಯ?

ನಾವು ಹಾಕಿದ್ದು ಸಿರಾಮಿಕ್‌ನಲ್ಲಿ ಮಾಡಿದ ಕೃತಕ ಕಲ್ಲು. ಒಳಗೆಲ್ಲ ಸಣ್ಣ ಸಣ್ಣ ತೂತು, ಬ್ಯಾಕ್ಟೀರಿಯಾ ಕೂರಲು ಜಾಗ. ಕಲ್ಲುಗಳನ್ನು ಗೋಡೆಯ ಹಾಗೆ ಕಟ್ಟದೆ ನಡುವೆ ನೀರು ಓಡಾಡುವಂತೆ ಎರಡು ಗುಡ್ಡೆ ಮಾಡಿದೆವು. ತಳದಲ್ಲಿ ಆರಗೋನೈಟ್ ಎಂಬ ಸುಣ್ಣದ ಅಂಶದ ಮರಳು ಒಂದಿಂಚು. ಮುಂದೆ ಮಶ್ರೂಮ್ ಎಂದು ಕರೆಯುವ ಮೆತ್ತನೆಯ ಜೀವಿಗಳನ್ನು ಹಾಕುವ ಯೋಚನೆ ಉಂಟು. ಅವು ಗಟ್ಟಿ ಹವಳದ ಗುಂಪಿಗೆ ಸೇರಿದವಲ್ಲ, ಕಡಿಮೆ ಲೈಟಿನಲ್ಲೂ ಬದುಕುತ್ತವೆ. ಜೋಯಾಂಥಿಡ್ ಎಂಬ ಇನ್ನೊಂದು ಮೆತ್ತನೆಯ ಜೀವಿ ಬಣ್ಣಬಣ್ಣದ್ದು ಸಿಗುತ್ತದೆ, ಆದರೆ ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಎಲ್ಲದಕ್ಕೂ ಬರಿಗೈ ಹಾಕುವ ಮಗಳಿರುವ ಮನೆಗೆ ಸದ್ಯಕ್ಕೆ ಬೇಡ.

ನೀರು ತುಂಬಿತು, ಕಲ್ಲು ಕೂತಿತು, ಪಂಪ್ ತಿರುಗಿತು. ಮೀನು? ಇಲ್ಲ. ಮೀನಿನ ಹಿಕ್ಕೆ, ಮಿಕ್ಕ ತಿಂಡಿ ಅಮೋನಿಯ ಆಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಆ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯಾಗಲು ವಾರಗಟ್ಟಲೆ ಬೇಕು. ಕಡಲಿನ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8.2ರ ಆಸುಪಾಸು. ಅಷ್ಟು ಪಿಎಚ್‌ನಲ್ಲಿ ಅಮೋನಿಯದ ವಿಷ ಸಿಹಿನೀರಿಗಿಂತ ಜೋರು. ಸೆಕೆ ಇದ್ದರಂತೂ ಇನ್ನೂ ಜೋರು. ಹಾಗಾಗಿ ಗಡಿಬಿಡಿ ಮಾಡುವ ಹಾಗಿಲ್ಲ.

ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ನಾನು ಮಾರ್ಕೆಟಿನಿಂದ ತಂದ ಒಂದು ಸಿಗಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಇಳಿಬಿಟ್ಟೆ. ಅತ್ತೆ ಅದನ್ನು ನೋಡಿದರು. "ಎಟ್ಟಿಗೆ ಈಗ ಎಷ್ಟು ರೇಟು ಗೊತ್ತುಂಟಾ ನಿನಗೆ?" ಎಂದು ಕೇಳಿ ಒಳಗೆ ಹೋದರು. ವಾಸನೆಯ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯ ಏರಿತು, ಇಳಿಯಿತು. ನೈಟ್ರೈಟ್ ಏರಿ ಬಹಳ ದಿನ ಅಲ್ಲೇ ನಿಂತಿತು. ಆಮೇಲೆ ಕಲ್ಲು, ಮರಳು, ಗಾಜು ಎಲ್ಲ ಕಂದು ಬಣ್ಣದ ಪುಡಿ ಮೆತ್ತಿದ ಹಾಗಾಯಿತು. ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಅದು, ಹೊಸ ಟ್ಯಾಂಕಿಗೆ ಬಂದೇ ಬರುತ್ತದೆ, ತಾನಾಗಿ ಹೋಗುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾಗಿ ಹಾಗೇ ಉಳಿದ ಮೇಲೆ ದೊಡ್ಡದಾಗಿ ನೀರು ಬದಲಿಸಿದೆವು.

ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಹ್ಯಾಚರಿಯ ಮರಿಗಳು ಬಂದಿವೆ.

ಇಲ್ಲಿ ಕ್ಲೌನ್ ಮೀನಿನ ಒಂದು ಗುಣ ಹೇಳಬೇಕು. ಎಲ್ಲವೂ ಹುಟ್ಟುವಾಗ ಗಂಡಿನ ದಾರಿಯಲ್ಲೇ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಹಾಗಾಗಿ ಜೋಡಿ ಹುಡುಕುವ ತಲೆನೋವಿಲ್ಲ. ಇನ್ನೂ ಹೆಣ್ಣಾಗದ ಎರಡು ಮರಿ ತಂದರೆ ಸಾಕು, ಒಂದು ಸ್ವಲ್ಪ ದೊಡ್ಡದು, ಒಂದು ಸಣ್ಣದು. ಯಾರು ಯಜಮಾನಿ ಎಂದು ಅವೇ ತೀರ್ಮಾನ ಮಾಡುತ್ತವೆ. ಎರಡೂ ದೊಡ್ಡ ಹೆಣ್ಣಾದರೆ ಮಾತ್ರ ಹೊಡೆದಾಟ.

ಅಂಗಡಿಯಲ್ಲಿ ಸುಮಾರು ಹೊತ್ತು ನಿಂತು ನೋಡಿದೆ. ಕಿವಿರು ಏದುಸಿರು ಬಿಟ್ಟ ಹಾಗೆ ಬಡಿಯುತ್ತಿದೆಯಾ, ಹೊಟ್ಟೆ ಒಳಗೆ ಹೋಗಿದೆಯಾ, ಮೈಮೇಲೆ ಬಿಳಿ ಲೋಳೆ ಇದೆಯಾ, ಹಿಕ್ಕೆ ಬಿಳಿ ದಾರದ ಹಾಗೆ ಬರುತ್ತದಾ. ಸೊಂಟ ಕುಣಿಸಿದ ಹಾಗೆ ಈಜುವುದು ಅವುಗಳ ರೀತಿಯೇ, ಅದು ರೋಗವಲ್ಲ. "ಅಣ್ಣ, ನನ್ನೆದುರು ಸ್ವಲ್ಪ ಕಾಳು ಹಾಕಿ" ಎಂದೆ. ಎಲ್ಲಕ್ಕಿಂತ ಮುಂದೆ ಓಡಿ ಬಂದ ಒಂದನ್ನು ಮಗಳು ಆರಿಸಿದಳು. ಅದರ ನಡುವಿನ ಪಟ್ಟೆ ಒಂದು ಬದಿಯಲ್ಲಿ ಅರ್ಧಕ್ಕೇ ನಿಂತಿತ್ತು. ಹ್ಯಾಚರಿಯ ಮೀನಿನಲ್ಲಿ ಇದು ಮಾಮೂಲು. ಎರಡನೆಯದು ಅದಕ್ಕಿಂತ ಸಣ್ಣದು, ಸಾಧು ಸ್ವಭಾವದ್ದು.

ಮನೆಗೆ ತಂದ ಮೇಲೂ ನೇರ ಟ್ಯಾಂಕಿಗೆ ಬಿಡಲಿಲ್ಲ. ಬೇರೆ ಒಂದು ಸಣ್ಣ ಟ್ಯಾಂಕಿನಲ್ಲಿ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು. ಕ್ಲೌನ್ ಮೀನಿಗೆ ಬ್ರೂಕಿನೆಲ್ಲಾ ಎಂಬ ಪರಾವಲಂಬಿಯ ಕಾಟ ಜಾಸ್ತಿ. ಮೈತುಂಬ ಲೋಳೆ ಬಂದು ಒಂದೆರಡು ದಿನಗಳಲ್ಲೇ ಮೀನು ಸಾಯಬಹುದು. ಬಿಳಿ ಚುಕ್ಕೆ ರೋಗ ಬೇರೆ. ಅದಕ್ಕೆ ಕೊಡುವ ತಾಮ್ರದ ಮದ್ದು ಹವಳ, ಸಿಗಡಿ, ಬಸವನಹುಳು ಎಲ್ಲವನ್ನೂ ಕೊಲ್ಲುತ್ತದೆ. ಹಾಗಾಗಿ ಮದ್ದು, ರೋಗ ಎಲ್ಲ ಈ ಟ್ಯಾಂಕಿನಲ್ಲೇ ಮುಗಿಯಬೇಕು. ನಮ್ಮ ಪುಣ್ಯ, ಏನೂ ಬರಲಿಲ್ಲ. ಒಂದು ತಿಂಗಳ ಹತ್ತಿರ ನೋಡಿ ದೊಡ್ಡ ಟ್ಯಾಂಕಿಗೆ ಬಿಟ್ಟೆವು.

ಈಗ ಅರ್ಧ ಪಟ್ಟೆಯದ್ದೇ ಯಜಮಾನಿ. ಸಣ್ಣದು ಅದರೆದುರು ಬಂದು ಮೈ ಅದುರಿಸಿ ಸೋಲೊಪ್ಪುತ್ತದೆ, ಯಜಮಾನಿ ಮುಂದೆ ಹೋಗುತ್ತದೆ. ಗಾಜು ಉಜ್ಜಲು ಕೈ ಹಾಕಿದರೆ ನನಗೂ ಕಚ್ಚಲು ಬರುತ್ತದೆ. ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಮೇಲೆ ಬದುಕುವ ಮೀನು ಇದು. ಮಗಳು ಕಾಲೇಜಿಗೆ ಹೋದಾಗ ತಿಂಡಿ ಹಾಕುವವರು ಯಾರು ಎಂದು ಇವರು ಕೇಳಿದ್ದಾರೆ. ಅತ್ತೆ ಈಗಾಗಲೇ ದಿನಾ ಬೆಳಿಗ್ಗೆ ಕಾಳು ಹಾಕುತ್ತಾರೆ, ನನಗಿಂತ ಹದವಾಗಿ.

ಮಳೆಗಾಲಕ್ಕೆ ತಯಾರಿ ನಡೆದಿದೆ. ಗುಡುಗು ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಟ್ಯಾಂಕಿನೊಳಗೆ ನೀರನ್ನು ಓಡಾಡಿಸುವ ವೇವ್‌ಮೇಕರ್ ಮಾತ್ರ ಇನ್ವರ್ಟರಿಗೆ ಕೊಟ್ಟಿದ್ದೇವೆ. ಚಿಲ್ಲರಿನ ಭಾರ ಇನ್ವರ್ಟರ್ ಹೊರುವುದಿಲ್ಲ, ಮಳೆಯಲ್ಲಿ ಅದರ ಅಗತ್ಯವೂ ಕಡಿಮೆ. ಬ್ಯಾಟರಿಯ ಏರ್ ಪಂಪ್ ಒಂದು ಪಕ್ಕದಲ್ಲೇ ಉಂಟು.

ಉಳಿದದ್ದು ಎನಿಮೋನಿ, ಕಡಲಿನಲ್ಲಿ ಕ್ಲೌನ್ ಮೀನಿಗೆ ಆಸರೆ ಕೊಡುವ, ಕುಟುಕುವ ಎಳೆಗಳ ಜೀವಿ. ಅದಿಲ್ಲದೆ ಕ್ಲೌನ್ ಮೀನು ಬದುಕುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಟ್ಯಾಂಕಿನಲ್ಲಿ ಹಾಗೇನಿಲ್ಲ, ನುಂಗಲು ಬರುವ ದೊಡ್ಡ ಮೀನೇ ಅಲ್ಲಿಲ್ಲವಲ್ಲ. ಮಗಳು ಬಬಲ್ ಟಿಪ್ ಎನಿಮೋನಿ ಕೇಳುತ್ತಿದ್ದಾಳೆ. ಅದಕ್ಕೆ ಜೋರು ಲೈಟು ಬೇಕು, ಹಳತಾಗಿ ಸ್ಥಿರವಾದ ಟ್ಯಾಂಕ್ ಬೇಕು. ಜಾಗ ಹಿಡಿಸದಿದ್ದರೆ ಅದು ಎದ್ದು ನಡೆಯುತ್ತದೆ. ನಡೆದು ವೇವ್‌ಮೇಕರಿಗೆ ಸಿಕ್ಕಿದರೆ ಎನಿಮೋನಿ ಚೂರುಚೂರು, ನೀರೂ ಕೆಡುತ್ತದೆ. ಮುಂದಿನ ದೀಪಾವಳಿಯವರೆಗೆ ಆ ಮಾತೇ ಬೇಡ ಎಂದಿದ್ದೇನೆ. ಅಷ್ಟರಲ್ಲಿ ವೇವ್‌ಮೇಕರಿಗೆ ಹೊಂದುವ ಜಾಲರಿಯೊಂದು ಎಲ್ಲಾದರೂ ಸಿಗುತ್ತದಾ ನೋಡಬೇಕು.